ಇನ್ಸುಲಿನ್ ಬಿಲ್ಲು, ಡಾಕ್ಟರ್ ಪತ್ರ, ಕಾಲೇಜಿನ ಫೀಸು: ಟೈಪ್ 1 ಮಗಳ ಸ್ಕಾಲರ್‌ಶಿಪ್‌ಗಾಗಿ ಓಡಾಡಿದ ವರ್ಷ

ಮಗಳ ಕಾಲೇಜಿನ ಮೊದಲ ಸೆಮಿಸ್ಟರ್ ಫೀಸು ಮೊನ್ನೆ ತಾನೇ ಕಟ್ಟಿ ಮುಗಿಸಿದೆವು. ಅವಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿ, ದಿನವೂ ಹೊರಗಿನಿಂದ ಕೊಡಬೇಕಾದ ಸಕ್ಕರೆ ಕಾಯಿಲೆ. ಹನ್ನೊಂದನೇ ವಯಸ್ಸಿನಲ್ಲಿ ಶುರುವಾಯಿತು. ಅಮೆರಿಕದಲ್ಲಿ ಡಯಾಬಿಟಿಸ್ ಇರುವ ವಿದ್ಯಾರ್ಥಿಗಳಿಗೆ ಅಂತಲೇ ಸ್ಕಾಲರ್‌ಶಿಪ್‌ಗಳಿವೆ ಎಂದು ಕೇಳಿದ್ದೆವು. ಅದಕ್ಕೆ ಹೇಗೆ ಅರ್ಜಿ ಹಾಕಬೇಕು, ಯಾವ ಕಾಗದ ಬೇಕು, ಎಲ್ಲಿ ಎಡವುತ್ತೇವೆ ಅಂತ ನಮ್ಮ ಭಾಷೆಯಲ್ಲಿ ಹೇಳುವವರು ಮಾತ್ರ ಸಿಗಲಿಲ್ಲ. ಈಗ ನಮ್ಮದು ಮುಗಿದಿದೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇಲ್ಲಿ ಇಂಥದೇ ಮಗುವನ್ನು ಬೆಳೆಸುತ್ತಿರುವ ಯಾರಿಗಾದರೂ ಸ್ವಲ್ಪ ಪರದಾಟ ತಪ್ಪಿದರೆ ಸಾಕು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಕಾಯಿಲೆಯ ಹೆಸರಿನ ಸ್ಕಾಲರ್‌ಶಿಪ್‌ನಿಂದ ನಮಗೆ ಸಿಕ್ಕಿದ್ದು ಸ್ವಲ್ಪ. ಅದೇ ಕಾಯಿಲೆಯ ಬಿಲ್ಲುಗಳನ್ನು ಕಾಲೇಜಿನವರ ಮುಂದೆ ಇಟ್ಟು ಕೇಳಿದ್ದರಿಂದ ಸಿಕ್ಕಿದ್ದು ಜಾಸ್ತಿ. ಈ ಎರಡನೇ ದಾರಿ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಹೈಸ್ಕೂಲಿನ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲೇ ಹುಡುಕಲು ಕೂತೆವು. ಇಂಟರ್ನೆಟ್ಟಿನಲ್ಲಿ ಪಟ್ಟಿಗಳಿಗೇನೂ ಬರ ಇಲ್ಲ. ಒಂದೊಂದೇ ಲಿಂಕ್ ಒತ್ತುತ್ತಾ ಹೋದರೆ ಎಷ್ಟೋ ಸ್ಕಾಲರ್‌ಶಿಪ್‌ಗಳು ವರ್ಷಗಳ ಹಿಂದೆಯೇ ನಿಂತುಹೋಗಿವೆ. ಪಟ್ಟಿ ಮಾಡಿದವರು ಮತ್ತೆ ತಿರುಗಿ ನೋಡಿರುವುದಿಲ್ಲ. ಸಂಸ್ಥೆಗಳ ಹೆಸರು ಬದಲಾಗಿರುವುದು ಇನ್ನೊಂದು ಗೊಂದಲ. ಜೆಡಿಆರ್‌ಎಫ್ ಅಂತ ನಾವೆಲ್ಲ ಕರೆಯುತ್ತಿದ್ದ, ಟೈಪ್ 1 ಸಂಶೋಧನೆಗೆ ದುಡ್ಡು ಕೊಡುವ ಸಂಸ್ಥೆ 2024ರಲ್ಲಿ ಬ್ರೇಕ್‌ಥ್ರೂ ಟಿ1ಡಿ ಆಯಿತು. ಕಾಲೇಜ್ ಡಯಾಬಿಟಿಸ್ ನೆಟ್‌ವರ್ಕ್ ಈಗ ದಿ ಡಯಾಬಿಟಿಸ್ ಲಿಂಕ್. ಡಯಾಬಿಟಿಸ್ ಸ್ಕಾಲರ್ಸ್ ಅನ್ನುವ ಕಾರ್ಯಕ್ರಮ ಬಿಯಾಂಡ್ ಟೈಪ್ 1 ಸಂಸ್ಥೆಯ ಕೆಳಗೆ ಬಂದಿದೆ. ಅದು ಟೈಪ್ 1 ಇದ್ದು ಮೊದಲ ವರ್ಷ ಕಾಲೇಜು ಸೇರುವವರಿಗೆ. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಅದೇ, ಹಾಗಾಗಿ ಪೈಪೋಟಿಯೂ ಜಾಸ್ತಿ. ಹಳೆಯ ಹೆಸರಿನಲ್ಲಿ ಹುಡುಕಿದರೆ ಹಳೆಯ ಪುಟವೇ ಸಿಗುತ್ತದೆ. ಕೊನೆಯ ದಿನಾಂಕವನ್ನು ಆಯಾ ಸಂಸ್ಥೆಯ ಸ್ವಂತ ಪುಟದಲ್ಲೇ ನೋಡಿ, ಬೇರೆ ಪಟ್ಟಿಯನ್ನು ನಂಬಬೇಡಿ. ಅರ್ಜಿ ಹಾಕುವುದಕ್ಕೇ ದುಡ್ಡು ಕೇಳುವ ಸ್ಕಾಲರ್‌ಶಿಪ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಸಣ್ಣ ಜಾಗಗಳು. ಮಗಳು ಚಿಕ್ಕವಳಿದ್ದಾಗ ಹೋಗುತ್ತಿದ್ದ ಡಯಾಬಿಟಿಸ್ ಕ್ಯಾಂಪ್, ನಮ್ಮ ಕೌಂಟಿಯ ಒಂದು ಸಣ್ಣ ಟ್ರಸ್ಟ್, ಶಾಲೆಯ ಕೌನ್ಸಿಲರ್ ರೂಮಿನ ಫೈಲು. ಇವುಗಳ ಮೊತ್ತ ಕಡಿಮೆ, ಐನೂರು ಡಾಲರೋ ಸಾವಿರ ಡಾಲರೋ. ಆದರೆ ಅರ್ಜಿ ಹಾಕುವವರೂ ಕಡಿಮೆ.

ಯಾರು ಅರ್ಜಿ ಹಾಕಬಹುದು ಅನ್ನುವ ಸಾಲನ್ನು ಮೊದಲು ಓದಿ. ಕೆಲವು ಟೈಪ್ 1ಕ್ಕೆ ಮಾತ್ರ, ಕೆಲವು ಟೈಪ್ 1, ಟೈಪ್ 2 ಎರಡಕ್ಕೂ. ಹಲವು ಕಡೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರಲೇಬೇಕು. ನಮ್ಮ ಪುಣ್ಯ, ಗ್ರೀನ್ ಕಾರ್ಡ್ ಕೈಗೆ ಬಂದಾಗಿತ್ತು. ನಮ್ಮವರಲ್ಲಿ ಎಷ್ಟೋ ಮಕ್ಕಳು ಇನ್ನೂ ಎಚ್4 ವೀಸಾದಲ್ಲೇ (ಎಚ್1ಬಿಯಲ್ಲಿ ಕೆಲಸ ಮಾಡುವವರ ಮನೆಯವರಿಗೆ ಸಿಗುವ ವೀಸಾ) ಇದ್ದಾರೆ. ಅವರಿಗೆ ಸರ್ಕಾರದ ಸಹಾಯದ ಅರ್ಜಿಯಾದ ಫಾಫ್ಸಾದಿಂದ ದುಡ್ಡು ಸಿಗುವುದಿಲ್ಲ. ಆದರೂ ಕೈಚೆಲ್ಲಬೇಡಿ. ವೀಸಾ ಕೇಳದ ಸ್ಥಳೀಯ ಸ್ಕಾಲರ್‌ಶಿಪ್‌ಗಳಿವೆ. ಕೆಲವು ಖಾಸಗಿ ಕಾಲೇಜುಗಳು ತಮ್ಮದೇ ದುಡ್ಡಿನಿಂದ ಕೊಡುತ್ತವೆ. ಕಾಲೇಜಿಗೇ ಬರೆದು ಕೇಳಿ.

ಇನ್ನು ಕಾಗದಗಳ ಕಥೆ. ಅಂಕಪಟ್ಟಿ, ಟೀಚರ್ ಪತ್ರ ಇವೆಲ್ಲ ಹೇಗೂ ಕಾಲೇಜಿಗೂ ಬೇಕಾಗಿದ್ದವು, ಕಷ್ಟವಾಗಲಿಲ್ಲ. ನಮ್ಮನ್ನು ಸುಸ್ತು ಮಾಡಿದ್ದು ಡಾಕ್ಟರ್ ಪತ್ರ. ಎಂಡೋಕ್ರೈನಾಲಜಿಸ್ಟ್ (ಡಯಾಬಿಟಿಸ್ ನೋಡುವ ಸ್ಪೆಶಲಿಸ್ಟ್) ಕ್ಲಿನಿಕ್ಕಿನ ಲೆಟರ್‌ಹೆಡ್ಡಿನಲ್ಲಿ ಕಾಯಿಲೆಯ ಹೆಸರು, ಯಾವಾಗಿನಿಂದ ಇದೆ, ಯಾವ ಚಿಕಿತ್ಸೆ, ಡಾಕ್ಟರ ಸಹಿ, ಇಷ್ಟೇ ಬೇಕಾಗಿರುವುದು. ನಾಲ್ಕು ಸಾಲು. ಕೇಳಿ ವಾರಗಳಾದರೂ ಬರಲಿಲ್ಲ. ಫೋನ್ ಮಾಡಿದರೆ ಮೆಸೇಜ್ ತಲುಪಿಸುತ್ತೇವೆ ಅನ್ನುತ್ತಿದ್ದರು. ಫಾರಂ ತುಂಬಲು ಬೇರೆ ಫೀಸು ಅಂದರು, ಅದನ್ನೂ ಕಟ್ಟಿದೆವು.

ಪತ್ರ ಬಂತು. ಮಗಳು ಅಡುಗೆಮನೆ ಕಟ್ಟೆಯ ಹತ್ತಿರ ನಿಂತು ಓದಿದಳು. ಮೊದಲ ಪ್ಯಾರಾದಲ್ಲಿ ಟೈಪ್ 1 ಅಂತಲೇ ಇತ್ತು. ಕೆಳಗೆ, ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ ರೋಗದ ಕೋಡು: ಇ11.9. ಅವಳು ಬೆರಳಿಟ್ಟು ತೋರಿಸಿದಳು. "ಅಮ್ಮ, ಇ11 ಅಂದ್ರೆ ಟೈಪ್ 2. ನಂದು ಇ10." ಇನ್ಶೂರೆನ್ಸ್ ಕಾಗದಗಳಲ್ಲಿ ವರ್ಷಾನುಗಟ್ಟಲೆ ಅದನ್ನೇ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಟೈಪ್ 1ಕ್ಕೆ ಮಾತ್ರ ಕೊಡುವ ಸ್ಕಾಲರ್‌ಶಿಪ್‌ಗೆ ಆ ಪತ್ರ ಹೋಗಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತಿತ್ತು, ಯಾಕೆ ಅಂತಲೂ ನಮಗೆ ಗೊತ್ತಾಗುತ್ತಿರಲಿಲ್ಲ. ನಿಮಗೂ ಪತ್ರ ಬಂದಾಗ ಹೆಸರಿನ ಸ್ಪೆಲ್ಲಿಂಗು, ಹುಟ್ಟಿದ ದಿನ, ಕಾಯಿಲೆ ಶುರುವಾದ ದಿನ, ಈ ಕೋಡು, ಎಲ್ಲ ಒಂದು ಸಲ ನೋಡಿಬಿಡಿ.

ತಿದ್ದಿಸೋಣ ಅಂತ ಫೋನ್ ಮಾಡುವ ಹೊತ್ತಿಗೆ ಮಗಳಿಗೆ ಹದಿನೆಂಟು ತುಂಬಿತ್ತು. ಕ್ಲಿನಿಕ್ಕಿನವರು ನನ್ನ ಜೊತೆ ಮಾತಾಡಲಿಲ್ಲ. ಇಷ್ಟು ವರ್ಷ ರಾತ್ರಿ ಮೂರು ಗಂಟೆಗೆ ಎದ್ದು ಅವಳ ಶುಗರ್ ನೋಡಿದವಳು ನಾನು. ಹಿಂದಿನ ವಾರದವರೆಗೂ ಅವಳ ವರದಿಗಳೆಲ್ಲ ನನ್ನ ಫೋನಿನಲ್ಲಿ ಕಾಣುತ್ತಿದ್ದವು. ಈಗ ಅವಳೇ ಫೋನ್ ಮಾಡಬೇಕು, ಇಲ್ಲವೇ ಅವಳು ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು ಅಂದರು. ರೋಗಿಯ ಮಾಹಿತಿ ಗುಟ್ಟಾಗಿಡುವ ಹಿಪಾ ಅನ್ನುವ ಕಾನೂನು ಹಾಗಿದೆ, ಅವರದೇನೂ ತಪ್ಪಿಲ್ಲ. ಆದರೂ ಆ ದಿನ ಅಳು ಬಂತು. ಮಗಳು ತಾನೇ ಫೋನ್ ಹಿಡಿದು, ಹೋಲ್ಡಿನಲ್ಲಿ ಕಾದು, ಮೆತ್ತಗೆ ಆದರೆ ಬಿಡದೆ ಮಾತಾಡಿ ಹೊಸ ಪತ್ರ ತರಿಸಿಕೊಂಡಳು. ಹದಿನೆಂಟನೇ ಹುಟ್ಟುಹಬ್ಬಕ್ಕೆ ಮುಂಚೆಯೇ ಪತ್ರ ತೆಗೆದುಕೊಳ್ಳಿ, ಆಗದಿದ್ದರೆ ಒಪ್ಪಿಗೆ ಫಾರಂ ಸಿದ್ಧ ಇಟ್ಟುಕೊಳ್ಳಿ. ಕಾಲೇಜಿನಲ್ಲೂ ಇದೇ ಕಥೆ. ಅಲ್ಲಿ ವಿದ್ಯಾರ್ಥಿಯ ದಾಖಲೆಗಳಿಗೆ ಫರ್ಪಾ ಅಂತ ಬೇರೆ ಕಾನೂನು. ಮಗು ಒಪ್ಪಿಗೆ ಕೊಡದಿದ್ದರೆ, ಫೀಸು ಕಟ್ಟುವವರು ನೀವೇ ಆದರೂ ಕಚೇರಿಯವರು ನಿಮ್ಮ ಜೊತೆ ಬಿಲ್ಲಿನ ಮಾತಾಡದೆ ಇರಬಹುದು.

ಮುಂದಿನದು ಪ್ರಬಂಧ. ಎಲ್ಲರೂ ಕೇಳುವುದು ಒಂದೇ: ಡಯಾಬಿಟಿಸ್ ನಿನ್ನ ಬದುಕನ್ನು ಹೇಗೆ ಬದಲಾಯಿಸಿತು? ಮಗಳು ಮೊದಲು ಬರೆದದ್ದರಲ್ಲಿ ಆಸ್ಪತ್ರೆ, ಐಸಿಯು, ಅಳು ಎಲ್ಲ ಇತ್ತು. ಓದಿ ನನಗೆ ಕಣ್ಣು ತುಂಬಿತು. ಅವಳಿಗೆ ಸಮಾಧಾನವಾಗಲಿಲ್ಲ. "ಇದು ನಾನಲ್ಲ ಅಮ್ಮ. ಓದಿದವರಿಗೆ ಅಯ್ಯೋ ಪಾಪ ಅನ್ನಿಸತ್ತೆ, ಅಷ್ಟೆ. ದುಡ್ಡಿಗೋಸ್ಕರ ಪಾಪದವಳಾಗಬೇಕಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿಯನ್ನು ಕೆಲವು ದಿನ ಹಾಗೇ ಬಿಟ್ಟೆವು.

ಆಮೇಲೆ ಅವಳೇ ಬೇರೆ ಬರೆದಳು. ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಅವಳು ಕ್ಲಾರಿನೆಟ್ ನುಡಿಸುತ್ತಾಳೆ. ಪ್ರಾಕ್ಟೀಸ್ ಮಧ್ಯೆ ಶುಗರ್ ಇಳಿದರೆ ಪಕ್ಕಕ್ಕೆ ಬಂದು ಕೂರಬೇಕು. ನಾಲ್ಕು ಗ್ಲೂಕೋಸ್ ಮಾತ್ರೆ ತಿನ್ನಬೇಕು, ಹದಿನೈದು ನಿಮಿಷ ಕಾಯಬೇಕು, ಮತ್ತೆ ಶುಗರ್ ನೋಡಬೇಕು. ಆ ಹದಿನೈದು ನಿಮಿಷ ಮೆಟ್ಟಿಲ ಮೇಲೆ ಕೂತು ಏನು ಮಾಡುತ್ತಿದ್ದೆ ಅಂತ ಬರೆದಳು. ಮೈದಾನದಲ್ಲಿ ಇದ್ದವರಿಗೆ ಕಾಣದ್ದು ಮೇಲಿನಿಂದ ಅವಳಿಗೆ ಕಾಣುತ್ತಿತ್ತಂತೆ. ಟ್ಯೂಬಾ ಸಾಲು ಎಡಕ್ಕೆ ತಿರುಗುವಾಗ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬೀಳುತ್ತಿತ್ತು. ಅದನ್ನು ಮೇಷ್ಟ್ರಿಗೆ ಹೇಳಿದಳು. ಆಮೇಲಾಮೇಲೆ ಅವಳು ಕೆಳಗೆ ಬಂದ ಕೂಡಲೇ ಮೇಷ್ಟ್ರೇ "ಮೇಲಿಂದ ಹೇಗೆ ಕಾಣಿಸ್ತು?" ಅಂತ ಕೇಳತೊಡಗಿದರು. ಮರುವರ್ಷ ಅವಳೇ ತನ್ನ ಗುಂಪಿನ ಲೀಡರ್ ಆದಳು. ಐಸಿಯು ಬಗ್ಗೆ ಒಂದು ಸಾಲೂ ಇರಲಿಲ್ಲ. ನಮಗೆ ಬಂದ ಎರಡು ಸ್ಕಾಲರ್‌ಶಿಪ್‌ಗಳಿಗೂ ಹೋದದ್ದು ಈ ಪ್ರಬಂಧವೇ. ಆರಿಸುವವರ ಮೇಜಿನ ಮೇಲೆ ಆಸ್ಪತ್ರೆಯ ಕಥೆಗಳು ರಾಶಿ ಬಿದ್ದಿರುತ್ತವೆ. ನಿಮ್ಮ ಮಗು ಮಾತ್ರ ಹೇಳಬಹುದಾದ ಒಂದು ಸಂಗತಿ ಇದ್ದೇ ಇರುತ್ತದೆ. ಅದು ಸಿಗುವವರೆಗೆ ಕಾಯಿರಿ. ದಯವಿಟ್ಟು ನೀವು ಬರೆದುಕೊಡಬೇಡಿ.

ಈ ಮಧ್ಯೆ ಊರಿನಿಂದ ಅತ್ತೆಯ ಫೋನು. ಗೆದ್ದವರ ಫೋಟೊ, ಹೆಸರು ಎಲ್ಲ ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ ಅಂತ ಯಾರೋ ಅವರ ಕಿವಿಗೆ ಹಾಕಿದ್ದರು. "ಹೆಣ್ಣು ಹುಡುಗಿ ಕಣಮ್ಮ. ನಾಳೆ ಮದುವೆ ಮಾತು ಬಂದಾಗ ಅಡ್ಡ ಬರತ್ತೆ. ಊರಿಗೆಲ್ಲ ಯಾಕೆ ಸಾರಬೇಕು?" ಅಂದರು. ಅವರಿಗೆ ಮೊಮ್ಮಗಳೆಂದರೆ ಪ್ರಾಣ, ಆ ಭಯವೂ ಪ್ರೀತಿಯಿಂದಲೇ ಬಂದದ್ದು. ಮಗಳು ಫೋನ್ ತೆಗೆದುಕೊಂಡು, "ಅಜ್ಜಿ, ನನ್ನ ತೋಳಲ್ಲೇ ಶುಗರ್ ನೋಡೋ ಸೆನ್ಸರ್ ಇದೆ, ಎಲ್ಲರಿಗೂ ಕಾಣತ್ತೆ. ಮುಚ್ಚಿಟ್ಟರೆ ನಾನು ತಲೆಸುತ್ತಿ ಬಿದ್ದಾಗ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲ್ಲ" ಅಂದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಫೋಟೊ ಚೆನ್ನಾಗಿರೋದು ಕೊಡು" ಅಂದರು. ನಮ್ಮಲ್ಲಿ ಈ ಅಳುಕು ಬಹಳ ಮನೆಗಳಲ್ಲಿದೆ, ಅಲ್ವಾ? ಹೆಸರು, ಫೋಟೊ ಹಾಕಲು ಒಪ್ಪಿಗೆ ಕೇಳುವ ಸಾಲು ಅರ್ಜಿಯಲ್ಲೇ ಇರುತ್ತದೆ. ಅದನ್ನು ಮಗುವಿನ ಜೊತೆ ಕೂತು ಓದಿ. ತೀರ್ಮಾನ ಅವಳದ್ದಾಗಿರಲಿ.

ಇದರ ಜೊತೆಜೊತೆಗೇ ಫಾಫ್ಸಾ. ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ಪೂರ್ತಿ ಉಚಿತ. ವಿದ್ಯಾರ್ಥಿಗೊಂದು, ತಂದೆ ಅಥವಾ ತಾಯಿಗೊಂದು ಬೇರೆಬೇರೆ ಅಕೌಂಟ್ ಬೇಕು. ಮುಂಚೆಯೇ ಮಾಡಿಟ್ಟುಕೊಳ್ಳಿ, ಹೆಸರು ತಾಳೆಯಾಗದಿದ್ದರೆ ದಿನಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ ಕನ್ನಡದ ಹೆಸರು, ಇನಿಶಿಯಲ್ಲು, ಪಾಸ್‌ಪೋರ್ಟಿನಲ್ಲಿ ಒಂದು ಥರ, ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನ್ನೊಂದು ಥರ ಇದ್ದರೆ ತೊಂದರೆ ಇಲ್ಲೇ ಶುರು. ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ತುಂಬಿ. ಖಾಸಗಿ ಕಾಲೇಜುಗಳು ಹಲವು ಇದರ ಜೊತೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಸಹಾಯದ ಅರ್ಜಿಯನ್ನೂ ಕೇಳುತ್ತವೆ. ಅದಕ್ಕೆ ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿ ಕಾಲೇಜಿಗೆ 16 ಡಾಲರ್ ಕಟ್ಟಿದೆವು. ಮನೆಯ ಆದಾಯ ವರ್ಷಕ್ಕೆ 1,00,000 ಡಾಲರ್ ಮೀರದಿದ್ದರೆ ಅದಕ್ಕೂ ವಿನಾಯಿತಿ ಇದೆ.

ಈ ಎರಡರ ಮಧ್ಯೆ ಒಂದು ವ್ಯತ್ಯಾಸ ಇದೆ. ನಮ್ಮಂಥವರಿಗೆ ಅದೇ ಮುಖ್ಯ. ಸಿಎಸ್‌ಎಸ್ ಪ್ರೊಫೈಲ್ ನಿಮ್ಮ ಆಸ್ಪತ್ರೆ ಖರ್ಚು ಎಷ್ಟು ಅಂತ ಕೇಳುತ್ತದೆ. ಫಾಫ್ಸಾ ಕೇಳುವುದೇ ಇಲ್ಲ. ಅದು ನೋಡುವುದು ಎರಡು ವರ್ಷ ಹಿಂದಿನ ಟ್ಯಾಕ್ಸ್ ಕಾಗದ. ಒಂದೇ ಸಂಬಳ ಬರುವ ಎರಡು ಮನೆ, ಒಂದರಲ್ಲಿ ಟೈಪ್ 1 ಇದೆ, ಇನ್ನೊಂದರಲ್ಲಿ ಇಲ್ಲ. ಫಾಫ್ಸಾಗೆ ಎರಡೂ ಒಂದೇ.

ಖರ್ಚು ಅಂದರೆ ಇನ್ಸುಲಿನ್ ಒಂದೇ ಅಲ್ಲ. ಇನ್ಸುಲಿನ್ ಬೆಲೆ 2023ರಿಂದ ಈಚೆಗೆ ಕಂಪನಿಗಳೇ ಇಳಿಸಿದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ. ಆದರೆ ಅವಳ ಸೆನ್ಸರ್ ಹತ್ತು ದಿನಕ್ಕೊಂದು ಬೇಕು. ಇನ್ಸುಲಿನ್ ಪಂಪಿನ ಪಾಡ್, ಅಂದರೆ ಮೈಗೆ ಅಂಟಿಸುವ ಡಬ್ಬಿ, ಮೂರು ದಿನಕ್ಕೊಂದು. ನಮ್ಮ ಇನ್ಶೂರೆನ್ಸಿಗೆ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುಂಚೆ ನಾವೇ ಕಟ್ಟಬೇಕಾದ ಮೊತ್ತ, ದೊಡ್ಡದು. ಪ್ರತಿ ಜನವರಿಯಲ್ಲಿ ಲೆಕ್ಕ ಸೊನ್ನೆಯಿಂದ ಶುರುವಾಗಿ, ಅದು ತುಂಬುವವರೆಗೆ ಹೆಚ್ಚುಕಡಿಮೆ ಎಲ್ಲವೂ ನಮ್ಮ ಜೇಬಿನಿಂದಲೇ. ಕಾಲೇಜಿನ ಅರ್ಜಿಗಳ ಖರ್ಚು, ಜನವರಿಯ ಔಷಧಿ ಬಿಲ್ಲು ಎರಡೂ ಒಟ್ಟಿಗೆ ಬಂದ ಆ ತಿಂಗಳು ಮನೆಯಲ್ಲಿ ಯಾರಿಗೂ ಯಾರ ಜೊತೆಯೂ ಮಾತು ಬೇಡವಾಗಿತ್ತು.

ಆಮೇಲೆ ಕಾಯುವುದು. ಮಾರ್ಚ್, ಏಪ್ರಿಲ್ ತುಂಬ ನಿಧಾನವಾಗಿ ಹೋದವು. ದೊಡ್ಡ ಮೊತ್ತದ್ದು ಯಾವುದೂ ಬರಲಿಲ್ಲ. ಕೆಲವರು ಇಲ್ಲ ಅಂತ ಸೌಜನ್ಯದಿಂದ ಬರೆದರು, ಕೆಲವರು ಬರೆಯಲೇ ಇಲ್ಲ. ಮಗಳು ಹೊರಗೆ ತೋರಿಸಿಕೊಳ್ಳಲಿಲ್ಲ. "ಡಯಾಬಿಟಿಸ್‌ನಲ್ಲೂ ನಾನು ಫಸ್ಟ್ ಬರ್ಲಿಲ್ಲ ನೋಡು" ಅಂತ ಒಂದು ರಾತ್ರಿ ಅಂದಾಗ ಮಾತ್ರ ಗೊತ್ತಾಯಿತು ಎಷ್ಟು ನೊಂದಿದ್ದಾಳೆ ಅಂತ. ಕೊನೆಗೆ ಕ್ಯಾಂಪಿನವರು ಕೊಟ್ಟರು, ಕೌಂಟಿಯ ಟ್ರಸ್ಟೂ ಕೊಟ್ಟಿತು. ಎರಡೂ ಸೇರಿದರೆ ಒಂದು ಸೆಮಿಸ್ಟರಿನ ಪುಸ್ತಕ ಮತ್ತು ಊಟದ ಖರ್ಚಿನ ಸ್ವಲ್ಪ ಭಾಗ.

ಕಾಲೇಜಿನಿಂದ ಬಂದ ಸಹಾಯದ ಪತ್ರ ನೋಡಿದಾಗ ನಮ್ಮಿಂದ ಆಗುವುದಿಲ್ಲ ಅನ್ನಿಸಿತು. ಆಗ ಶಾಲೆಯ ಕೌನ್ಸಿಲರ್ ಒಂದು ಮಾತು ಹೇಳಿದರು: ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಗೆ ಮರುಪರಿಶೀಲನೆ ಕೇಳಿ. ಇದಕ್ಕೆ ಪ್ರೊಫೆಶನಲ್ ಜಡ್ಜ್‌ಮೆಂಟ್ ಅಂತಾರೆ. ಇನ್ಶೂರೆನ್ಸ್ ಕೊಡದ ವೈದ್ಯಕೀಯ ಖರ್ಚು ಜಾಸ್ತಿ ಇದ್ದರೆ, ಕಾಗದಪತ್ರ ನೋಡಿ ಲೆಕ್ಕ ಬದಲಾಯಿಸುವ ಅಧಿಕಾರ ಆ ಕಚೇರಿಗಿದೆ. ಅಂಗವೈಕಲ್ಯದ ಖರ್ಚನ್ನು ಕಾಲೇಜಿನ ಒಟ್ಟು ಖರ್ಚಿನ ಲೆಕ್ಕಕ್ಕೆ ಸೇರಿಸಲೂ ಬರುತ್ತದೆ. ಅಂಗವೈಕಲ್ಯ ಅಂದ ಕೂಡಲೇ ನಮ್ಮನೆಯವರು ಮುಖ ಗಂಟಿಕ್ಕಿದರು. ಆದರೆ 2008ರ ತಿದ್ದುಪಡಿಯ ನಂತರ ಇಲ್ಲಿನ ಕಾನೂನಿನ ಪ್ರಕಾರ ಡಯಾಬಿಟಿಸ್ ಇರುವವರಿಗೂ ಆ ರಕ್ಷಣೆ ಇದೆ. ಹಕ್ಕು ಅಂತ ಇರುವುದನ್ನು ಕೇಳಲು ನಾಚಿಕೆ ಯಾಕೆ?

ನಾವು ಕಳಿಸಿದ್ದು ಇಷ್ಟು: ಔಷಧಿ ಅಂಗಡಿಯಿಂದ ಇಡೀ ವರ್ಷದ ಬಿಲ್ಲಿನ ಪ್ರಿಂಟು, ಇನ್ಶೂರೆನ್ಸ್ ಕಂಪನಿಯ ವರ್ಷದ ಲೆಕ್ಕ, ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ಎತ್ತಿಡುವ ಖಾತೆ) ಸ್ಟೇಟ್‌ಮೆಂಟು, ತಿದ್ದಿಸಿದ ಅದೇ ಡಾಕ್ಟರ್ ಪತ್ರ, ಜೊತೆಗೆ ಒಂದು ಪುಟದ ವಿವರಣೆ. ವಿವರಣೆಯಲ್ಲಿ ಗೋಳು ಹೇಳಿಕೊಳ್ಳಲಿಲ್ಲ. ಯಾವ ವಸ್ತು, ಎಷ್ಟು ದಿನಕ್ಕೊಂದು, ವರ್ಷಕ್ಕೆ ಎಷ್ಟು, ಅದರಲ್ಲಿ ನಾವು ಕಟ್ಟಿದ್ದೆಷ್ಟು, ಇಷ್ಟೇ. ಅವರು ಇನ್ನೂ ಕೆಲವು ರಸೀದಿ ಕೇಳಿದರು, ಕೊಟ್ಟೆವು. ಮೇ ತಿಂಗಳಲ್ಲಿ ಹೊಸ ಪತ್ರ ಬಂತು. ಕಾಲೇಜಿನ ಗ್ರಾಂಟು (ವಾಪಸ್ ಕೊಡಬೇಕಿಲ್ಲದ ಸಹಾಯ) ವರ್ಷಕ್ಕೆ ಮೂರು ಸಾವಿರ ಡಾಲರಿಗಿಂತ ಮೇಲೆ ಏರಿತ್ತು. ನಮ್ಮನೆಯವರು ಅದನ್ನು ಜೋರಾಗಿ ಓದಿ, ಮತ್ತೆ ಮೊದಲಿನಿಂದ ಓದಿದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಕಚೇರಿಯ ತೀರ್ಮಾನವೇ ಕೊನೆ, ಅದರ ಮೇಲೆ ಸರ್ಕಾರಕ್ಕೆ ದೂರು ಹೋಗುವುದಿಲ್ಲ. ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಹೊಸದಾಗಿ ಕೇಳಬೇಕಂತೆ. ಹಾಗಾಗಿ ಬಿಲ್ಲುಗಳನ್ನು ಈಗಿನಿಂದಲೇ ಒಂದು ಫೋಲ್ಡರಿನಲ್ಲಿ ಹಾಕುತ್ತಿದ್ದೇನೆ.

ಒಂದು ಎಚ್ಚರಿಕೆ ಇದೆ, ದೊಡ್ಡದು. ಹೊರಗಿನಿಂದ ಬಂದ ಸ್ಕಾಲರ್‌ಶಿಪ್ಪನ್ನು ಕಾಲೇಜಿಗೆ ತಿಳಿಸಲೇಬೇಕು. ತಿಳಿಸಿದರೆ ಕೆಲವು ಕಾಲೇಜುಗಳು ತಾವು ಕೊಡುವ ಗ್ರಾಂಟನ್ನು ಅಷ್ಟೇ ಕಡಿಮೆ ಮಾಡುತ್ತವೆ. ಮಗು ಕಷ್ಟಪಟ್ಟು ಗಳಿಸಿದ ಸಾವಿರ ಡಾಲರ್ ಕಾಲೇಜಿನ ಜೇಬಿಗೆ ಹೋದ ಹಾಗೆ. ಇದನ್ನು ತಡೆಯಲು ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ಮೊದಲ ಕಾನೂನು ಮಾಡಿತು, ಅದು ಅಲ್ಲಿನ ಸರ್ಕಾರಿ ಕಾಲೇಜುಗಳಿಗೆ. ಆಮೇಲೆ ಇನ್ನೂ ಕೆಲವು ರಾಜ್ಯಗಳು ಮಾಡಿವೆ. ನಿಮ್ಮ ಕಾಲೇಜಿನ ನಿಯಮ ಏನು ಅಂತ ಸೇರುವ ಮುಂಚೆಯೇ ಈಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲೇ ಇರಲಿ. ಗ್ರಾಂಟ್ ಬದಲು ಮೊದಲು ಸಾಲದ ಭಾಗ ಕಡಿಮೆ ಮಾಡಿ ಅಂತ ಕೇಳಬಹುದು. ಸ್ಕಾಲರ್‌ಶಿಪ್ ಕೊಟ್ಟವರನ್ನು ಎರಡನೇ ವರ್ಷಕ್ಕೆ ಕೊಡುತ್ತೀರಾ ಅಂತಲೂ ಕೇಳಬಹುದು. ನಾವು ಕೇಳಿದೆವು. ನಮ್ಮ ಕಾಲೇಜು ಸಾಲವನ್ನೇ ಇಳಿಸಿತು, ಗ್ರಾಂಟ್ ಮುಟ್ಟಲಿಲ್ಲ.

ಟ್ಯಾಕ್ಸ್ ಬಗ್ಗೆ ಎರಡು ಮಾತು. ಸ್ಕಾಲರ್‌ಶಿಪ್ ದುಡ್ಡು ಟ್ಯೂಷನ್ ಫೀಸಿಗೆ, ಕೋರ್ಸಿಗೆ ಬೇಕೇಬೇಕಾದ ಪುಸ್ತಕಕ್ಕೆ ಹೋದರೆ ಟ್ಯಾಕ್ಸ್ ಇಲ್ಲ. ಹಾಸ್ಟೆಲ್ಲು, ಊಟಕ್ಕೆ ಹೋದರೆ ಅದು ವಿದ್ಯಾರ್ಥಿಯ ಆದಾಯ ಅಂತ ಲೆಕ್ಕ. ಪುಸ್ತಕದ ರಸೀದಿ ಎಸೆಯಬೇಡಿ.

ಆ ಡಾಕ್ಟರ್ ಪತ್ರ ಇನ್ನೊಂದು ಕೆಲಸಕ್ಕೂ ಬಂತು. ಕಾಲೇಜಿನ ಡಿಸೆಬಿಲಿಟಿ ಕಚೇರಿಯಲ್ಲಿ ಮಗಳು ಹೆಸರು ನೋಂದಾಯಿಸಿದಳು. ಇನ್ಸುಲಿನ್‌ಗೆ ರೂಮಿನಲ್ಲಿ ಫ್ರಿಡ್ಜು, ಪರೀಕ್ಷೆಯಲ್ಲಿ ಸೆನ್ಸರ್ ನೋಡಲು ಫೋನು, ಶುಗರ್ ಇಳಿದರೆ ಪರೀಕ್ಷೆ ನಿಲ್ಲಿಸಿ ಮತ್ತೆ ಮುಂದುವರಿಸುವ ಅವಕಾಶ, ಇವೆಲ್ಲ ಅಲ್ಲಿಂದ. ಇಂಥ ಸೌಲಭ್ಯಗಳನ್ನು ಬರೆದಿಡುವ ಶಾಲೆಯ 504 ಪ್ಲಾನ್ ಕಾಲೇಜಿಗೆ ತಾನಾಗಿ ಬರುವುದಿಲ್ಲ, ವಿದ್ಯಾರ್ಥಿಯೇ ಹೋಗಿ ಕೇಳಬೇಕು.

ಜುಲೈನಲ್ಲಿ ಬಂದ ಮೊದಲ ಬಿಲ್ಲಿನಲ್ಲಿ ಕಾಲೇಜಿನ ಹೆಲ್ತ್ ಇನ್ಶೂರೆನ್ಸ್ ತಾನಾಗಿಯೇ ಸೇರಿತ್ತು, ಸಾವಿರಾರು ಡಾಲರ್. ಮಕ್ಕಳು 26 ವರ್ಷದವರೆಗೆ ನಮ್ಮ ಇನ್ಶೂರೆನ್ಸಿನಲ್ಲೇ ಇರಬಹುದು. ಅದನ್ನು ತೋರಿಸಿ, ಕೊನೆಯ ದಿನಾಂಕದೊಳಗೆ ಬೇಡ ಅಂತ ಆನ್‌ಲೈನಿನಲ್ಲಿ ತುಂಬಿದರೆ ಆ ಮೊತ್ತ ತೆಗೆಯುತ್ತಾರೆ. ಬೇಡ ಅನ್ನುವ ಮುಂಚೆ ನಿಮ್ಮ ಇನ್ಶೂರೆನ್ಸಿಗೆ ಕಾಲೇಜಿರುವ ಊರಿನಲ್ಲಿ ಎಂಡೋಕ್ರೈನಾಲಜಿಸ್ಟ್ ಸಿಗುತ್ತಾರಾ, ಅಲ್ಲಿನ ಔಷಧಿ ಅಂಗಡಿ ನಡೆಯುತ್ತದಾ ಅಂತ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಕೊನೆಯ ತೊಡಕು ಚೆಕ್ಕಿನದು. ಎರಡೂ ಸ್ಕಾಲರ್‌ಶಿಪ್‌ಗಳ ದುಡ್ಡು ನಮಗೆ ಬರಲಿಲ್ಲ, ನೇರವಾಗಿ ಕಾಲೇಜಿಗೆ ಹೋಯಿತು. ಒಂದು ಚೆಕ್ಕಿನ ಮೇಲೆ ಮಗಳ ಸ್ಟೂಡೆಂಟ್ ಐಡಿ ಬರೆದಿರಲಿಲ್ಲ. ಅದು ಯಾರದೆಂದು ಗೊತ್ತಾಗದೆ ಕಚೇರಿಯಲ್ಲೇ ಕೂತಿತ್ತು, ಇತ್ತ ಅವಳ ಅಕೌಂಟಿಗೆ ಲೇಟ್ ಫೀಸು ಬಿತ್ತು. ಅವಳು ಖುದ್ದು ಹೋಗಿ ಚೆಕ್ ಹುಡುಕಿಸಿ, ಲೇಟ್ ಫೀಸು ತೆಗೆಸಿದಳು. ಸ್ಕಾಲರ್‌ಶಿಪ್ ಬಂತು ಅನ್ನುವ ಪತ್ರ ಸಿಕ್ಕ ದಿನವೇ ಕೊಟ್ಟವರಿಗೆ ಮಗುವಿನ ಪೂರ್ತಿ ಹೆಸರು, ಸ್ಟೂಡೆಂಟ್ ಐಡಿ, ಚೆಕ್ ಕಳಿಸಬೇಕಾದ ಕಚೇರಿಯ ಸರಿಯಾದ ವಿಳಾಸ ಬರೆದು ಕಳಿಸಿ. ಆಗಸ್ಟ್ ಮೊದಲ ವಾರದಲ್ಲಿ ಅಕೌಂಟ್ ತೆರೆದು ದುಡ್ಡು ಜಮಾ ಆಗಿದೆಯಾ ಅಂತ ನೋಡಿ. ಇಲ್ಲದಿದ್ದರೆ ಈಮೇಲ್ ಕಳಿಸಿ ಕಾಯುತ್ತಾ ಕೂರಬೇಡಿ, ಮಗುವೇ ಫೋನ್ ಮಾಡಲಿ.